ಹೋಟೆಲ್ ಅಡುಗೆಮನೆಯ ಕಪ್ಪು ಬಾಣಲೆ ಮನೆಗೆ ಒಗ್ಗುತ್ತದೆಯೇ?

ದೊಡ್ಡ ಹೋಟೆಲ್‌ಗಳ ಒಲೆಯ ಮೇಲೆ ಕಪ್ಪಗೆ ಮಿರುಗುವ ಬಾಣಲೆ ಬಹಳ ಕಡೆ ಕಾರ್ಬನ್ ಸ್ಟೀಲಿನದು, ಅಂದರೆ ತುಸು ಇಂಗಾಲ ಬೆರೆತ ಕಬ್ಬಿಣದ್ದು. ಬೀಡು ಕಬ್ಬಿಣದ ಬಾಣಲೆಗಿಂತ ತೆಳು, ಹಗುರ. ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಉರಿ ಏರಿಸಿದರೆ ಬೇಗ ಕಾಯುತ್ತದೆ, ತಗ್ಗಿಸಿದರೆ ಬೇಗ ತಣಿಯುತ್ತದೆ. ಅಡುಗೆಯವರು ಇದನ್ನು ಮೆಚ್ಚುವುದೇ ಈ ಗುಣಕ್ಕೆ.

ಕೊಳ್ಳುವಾಗ 2.5ರಿಂದ 3 ಮಿ.ಮೀ. ದಪ್ಪದ್ದನ್ನೇ ಆರಿಸಿ. ತೀರಾ ತೆಳುವಾದರೆ, ಅದರಲ್ಲೂ ಇಂಡಕ್ಷನ್ ಒಲೆಯ ಮೇಲೆ ಏಕ್‌ದಂ ಕಾಯಿಸಿದರೆ, ತಳ ಸೊಟ್ಟಗಾಗುತ್ತದೆ.

ಕೆಲಸ ಕೆಡುವುದು ಪಳಗಿಸುವಾಗ, ಅಂದರೆ ಎಣ್ಣೆ ಸವರಿ ಕಾಯಿಸಿ ಅಂಟದ ಪದರ ಕಟ್ಟಿಸುವಾಗ. ಹೊಸ ಬಾಣಲೆಗೆ ತುಕ್ಕು ತಡೆಯಲು ಹಚ್ಚಿದ ಮೇಣ ಅಥವಾ ಎಣ್ಣೆ ಇದ್ದರೆ ಬಿಸಿನೀರು, ಸೋಪು ಹಾಕಿ ಪೂರ್ತಿ ಉಜ್ಜಿ ತೆಗೆಯಿರಿ. ಒಲೆಯ ಮೇಲಿಟ್ಟು ಒಣಗಿಸಿ, ಅರ್ಧ ಚಮಚ ಎಣ್ಣೆ ಸವರಿ, ಹಚ್ಚಿಯೇ ಇಲ್ಲವೇನೋ ಎಂಬಷ್ಟು ಒರೆಸಿಬಿಡಿ. ಹೊಗೆಯಾಡಿ, ಹೊಗೆ ನಿಲ್ಲುವವರೆಗೆ ಕಾಯಿಸಿ. ಹೀಗೆ ಮೂರ‍್ನಾಲ್ಕು ಸಲ. ಎಣ್ಣೆ ಹೆಚ್ಚಾದರೆ ಗಟ್ಟಿ ಪದರವಾಗದೆ ಅಂಟಂಟಾಗಿ ಉಳಿಯುತ್ತದೆ. ‘ಬಾಣಲೆ ಸರಿಯಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಚೆನ್ನಾಗಿ ಪಳಗಿದ್ದರಲ್ಲಿ ಹದವಾಗಿ ಕಾಸಿದ ಎಣ್ಣೆಗೆ ಮೊಟ್ಟೆ ಒಡೆದು ಹಾಕಿ: ಅಂಚು ಗರಿಗರಿಯಾಗುತ್ತದೆ, ಬಾಣಲೆ ಅಲುಗಿಸಿದರೆ ಇಡೀ ಮೊಟ್ಟೆ ಜಾರುತ್ತದೆ.

ಟೊಮೆಟೊ, ವಿನೆಗರ್ ಹಾಕಿ ಹೊತ್ತುಗಟ್ಟಲೆ ಕುದಿಸಿದರೆ ಆ ಪದರ ಕಿತ್ತುಬರುತ್ತದೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯೇ ಸರಿ. ಪಾತ್ರೆಗಳನ್ನು ರಾತ್ರಿಯಿಡೀ ಸಿಂಕಿನಲ್ಲಿ ನೆನೆಹಾಕುವ ಮನೆಗೆ ಇದು ಬೇಡ, ಬೆಳಗಾಗುವಷ್ಟರಲ್ಲಿ ತುಕ್ಕು ಕಾಣಿಸುತ್ತದೆ. ಬಾಣಲೆ ದಿನವೂ ಒಲೆಗೇರುವ ಮನೆಯಾದರೆ ಕಣ್ಣುಮುಚ್ಚಿ ಕೊಳ್ಳಿ.