ಕ್ವಾಡ್‌ನೈನ್: ಮನೆಯ ಕಂಪ್ಯೂಟರಿಗೆ ಸದ್ದಿಲ್ಲದ ಕಾವಲು

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಬೆಳಿಗ್ಗೆ ಅದರ ಮುಂದೆ ಕೂರುವವರು ಎಪ್ಪತ್ತು ದಾಟಿದ ಅಪ್ಪ. ಪಹಣಿ, ಪಿಂಚಣಿ, ಕರೆಂಟ್ ಬಿಲ್ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಸಂಜೆ ಅದು ಎಂಟನೇ ತರಗತಿಯಲ್ಲಿ ಓದುವ ಮಗಳ ಪಾಲು. ಕಳೆದ ವರ್ಷ ಒಂದು ದಿನ ಪ್ರಿಂಟರ್ ಕೆಲಸ ಮಾಡದಿದ್ದಾಗ ಅಪ್ಪ ಅದರ ಡ್ರೈವರ್ ಹುಡುಕಲು ಹೊರಟು, ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಕಂಡ ಸೈಟನ್ನು ಒತ್ತಿದರು. ಅದು ಪ್ರಿಂಟರ್ ಕಂಪನಿಯ ಸೈಟಾಗಿರಲಿಲ್ಲ. ಕ್ಷಣಮಾತ್ರದಲ್ಲಿ ಪರದೆ ತುಂಬ ಕೆಂಪು ಎಚ್ಚರಿಕೆ ಮೂಡಿ, ಸೈರನ್ ಸದ್ದು ಶುರುವಾಗಿ, ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬ ಧ್ವನಿ ಕೇಳತೊಡಗಿತು. ಗಾಬರಿಯಾದ ಅಪ್ಪ ಕರೆಯನ್ನೂ ಮಾಡಿದ್ದರು. ಅತ್ತಲಿನವನು ಪರದೆ ಹಂಚಿಕೊಳ್ಳುವ ಸಾಫ್ಟ್‌ವೇರ್ ಹಾಕಿಸುತ್ತಿದ್ದ ಹೊತ್ತಿಗೆ ಸರಿಯಾಗಿ ನಾನು ಮನೆಗೆ ಬಂದು ಪ್ಲಗ್ ಕಿತ್ತೆ. ಹಣ ಹೋಗಲಿಲ್ಲ. ಆದರೆ ಅಪ್ಪ ಹದಿನೈದು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಅದೇ.

ಅಪಾಯಕಾರಿ ಸೈಟುಗಳನ್ನು ಮನೆಯೊಳಗೆ ಬಿಡದಿರಲು ಏನು ಮಾಡಬಹುದು ಎಂದು ಹುಡುಕುತ್ತ ಹೋಗಿ, ಕೊನೆಗೆ ನಾನು ಆರಿಸಿಕೊಂಡದ್ದು ಕ್ವಾಡ್‌ನೈನ್ ಎಂಬ ಉಚಿತ ಡಿಎನ್‌ಎಸ್ ಸೇವೆಯನ್ನು. ಎಂಟು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಬ್ರೌಸರಿನಲ್ಲಿ ನಾವು ಒಂದು ಸೈಟಿನ ಹೆಸರನ್ನು ಬರೆದರೆ ಅಥವಾ ಒಂದು ಕೊಂಡಿಯನ್ನು ಒತ್ತಿದರೆ, ಕಂಪ್ಯೂಟರ್ ಮೊದಲು ಆ ಹೆಸರಿಗೆ ಸೇರಿದ ಅಂಕಿಗಳ ವಿಳಾಸವನ್ನು ಒಂದು ಡಿಎನ್‌ಎಸ್ ಸರ್ವರಿನ ಬಳಿ ಕೇಳಿ ತಿಳಿದುಕೊಳ್ಳುತ್ತದೆ. ಸಾಮಾನ್ಯವಾಗಿ ಈ ಸರ್ವರ್ ನಮಗೆ ಇಂಟರ್ನೆಟ್ ಕೊಡುವ ಕಂಪನಿಯದ್ದು. ಕೇಳಿದ ಹೆಸರು ಬ್ಯಾಂಕಿನದೋ ಕಳ್ಳನದೋ ಎಂದು ನೋಡದೆ ವಿಳಾಸ ಹೇಳಿಬಿಡುವುದು ಅದರ ರೂಢಿ. ಕ್ವಾಡ್‌ನೈನ್ ಹಾಗೆ ಮಾಡುವುದಿಲ್ಲ. ಹಲವು ಭದ್ರತಾ ಸಂಸ್ಥೆಗಳಿಂದ ಬರುವ ಅಪಾಯಕಾರಿ ಹೆಸರುಗಳ ಪಟ್ಟಿಯೊಡನೆ ಅದು ಪ್ರತಿ ಪ್ರಶ್ನೆಯನ್ನೂ ಹೋಲಿಸಿ ನೋಡಿ, ಹೆಸರು ಪಟ್ಟಿಯಲ್ಲಿದ್ದರೆ ಅಂಥದೊಂದು ಸೈಟೇ ಇಲ್ಲ ಎಂದು ಉತ್ತರಿಸುತ್ತದೆ. ವಿಳಾಸವೇ ಸಿಗದ ಮೇಲೆ ಕಂಪ್ಯೂಟರ್ ಅಲ್ಲಿಗೆ ಹೋಗುವುದಾದರೂ ಹೇಗೆ? ಈಗಾಗಲೇ ಒಳಹೊಕ್ಕ ಕುತಂತ್ರಾಂಶವೊಂದು (ಹಾನಿ ಮಾಡಲೆಂದೇ ಬರೆದ ಸಾಫ್ಟ್‌ವೇರ್) ತನ್ನ ಒಡೆಯನ ಸರ್ವರನ್ನು ಹುಡುಕುವಾಗಲೂ ಇದೇ ಉತ್ತರ ಸಿಗುತ್ತದೆ ಎಂಬುದು ಹಲವರು ಗಮನಿಸದ ಪ್ರಯೋಜನ.

ಇದು 2017ರ ನವೆಂಬರಿನಲ್ಲಿ ಐಬಿಎಂ, ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಮತ್ತು ಗ್ಲೋಬಲ್ ಸೈಬರ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳು ಸೇರಿ ಆರಂಭಿಸಿದ ಸೇವೆ. 2021ರಲ್ಲಿ ಅದು ತನ್ನ ನೆಲೆಯನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಬದಲಿಸಿಕೊಂಡಿತು. ಈಗ ಅಲ್ಲಿನ ಕಾನೂನಿನಡಿ ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವಾಗಿ ನಡೆಯುತ್ತಿದೆ. ಬಳಸುವವರ ಐಪಿ ವಿಳಾಸವನ್ನು, ಎಂದರೆ ಇಂಟರ್ನೆಟ್ಟಿನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಅಂಕಿಗಳ ವಿಳಾಸವನ್ನು, ದಾಖಲಿಸಿಡುವುದಿಲ್ಲ ಎಂಬುದು ಅದರ ಘೋಷಿತ ನೀತಿ. ಮನೆಮಂದಿ ದಿನವಿಡೀ ಯಾವ ಯಾವ ಸೈಟುಗಳಿಗೆ ಹೋಗುತ್ತಾರೆ ಎಂಬ ಪೂರ್ತಿ ಲೆಕ್ಕ ಡಿಎನ್‌ಎಸ್ ಸರ್ವರಿಗೆ ಗೊತ್ತಾಗುವುದರಿಂದ, ಈ ನೀತಿ ನನ್ನ ಆಯ್ಕೆಯಲ್ಲಿ ದೊಡ್ಡ ಪಾತ್ರ ವಹಿಸಿತು.

ಅಳವಡಿಸುವ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎಂಬಲ್ಲಿ ಮ್ಯಾನ್ಯುಯಲ್ ಆರಿಸಿ, ಮೊದಲ ಖಾನೆಯಲ್ಲಿ 9.9.9.9 ಎಂದೂ ಎರಡನೆಯದರಲ್ಲಿ 149.112.112.112 ಎಂದೂ ತುಂಬಿದರಾಯಿತು. ಅಲ್ಲೇ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಎಂಬ ಆಯ್ಕೆಯೂ ಇದೆ. ಅದನ್ನು ಆನ್ ಮಾಡಿದರೆ ಪ್ರಶ್ನೋತ್ತರಗಳು ಗೂಢಲಿಪಿಯಲ್ಲಿ ಸಾಗುತ್ತವೆ, ದಾರಿ ಮಧ್ಯೆ ಯಾರೂ ಓದಲಾಗದು, ತಿದ್ದಲಾಗದು. ಎರಡನೆಯ ಖಾನೆಯಲ್ಲಿ ಬೇರೆ ಕಂಪನಿಯ ವಿಳಾಸವನ್ನು, ಉದಾಹರಣೆಗೆ ಗೂಗಲ್‌ನ 8.8.8.8 ಅನ್ನು, ತುಂಬುವ ಅಭ್ಯಾಸ ಅನೇಕರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಸರ್ವರ್ ಉತ್ತರಿಸಲು ತಡಮಾಡಿದಾಗ ಕಂಪ್ಯೂಟರ್ ಎರಡನೆಯದನ್ನು ಕೇಳುತ್ತದೆ. ಅದರಲ್ಲಿ ಈ ತಡೆಪಟ್ಟಿ ಇಲ್ಲದ್ದರಿಂದ ಕಾವಲು ಅಲ್ಲಿಗೆ ಮುಗಿದಂತೆ.

ನಾನು ಎಡವಿದ್ದು ಮಾತ್ರ ಬೇರೊಂದು ಕಡೆ. ಎಲ್ಲ ಸರಿಯಾಗಿ ತುಂಬಿದ್ದೇನೆ ಎಂದು ಮೂರು ವಾರ ನಿಶ್ಚಿಂತೆಯಿಂದಿದ್ದೆ. ಆಮೇಲೆ ಒಂದು ರಾತ್ರಿ ಕ್ವಾಡ್‌ನೈನ್‌ನವರದೇ ಪರೀಕ್ಷಾ ಪುಟವನ್ನು, ಎಂದರೆ ಆನ್ ಡಾಟ್ ಕ್ವಾಡ್9 ಡಾಟ್ ನೆಟ್ ಎಂಬ ವಿಳಾಸವನ್ನು, ತೆರೆದು ನೋಡಿದರೆ ಅಲ್ಲಿ ದೊಡ್ಡ ಅಕ್ಷರದಲ್ಲಿ ‘ನೋ’ ಎಂದಿತ್ತು. ಮೂರು ವಾರ ನಮಗೆ ಯಾವ ಕಾವಲೂ ಇರಲಿಲ್ಲ! ಕಾರಣ ಹುಡುಕಲು ಎರಡು ಗಂಟೆ ಹಿಡಿಯಿತು. ಇಂಟರ್ನೆಟ್ ವಿಳಾಸಗಳಲ್ಲಿ ಐಪಿವಿ4 ಎಂಬ ಹಳೆಯ ಬಗೆ, ಐಪಿವಿ6 ಎಂಬ ಹೊಸ ಬಗೆ ಎಂದು ಎರಡಿವೆ. ನಾನು ಬದಲಿಸಿದ್ದು ಐಪಿವಿ4ರ ಡಿಎನ್‌ಎಸ್ ವಿಳಾಸವನ್ನು ಮಾತ್ರ. ನಮ್ಮ ರೌಟರ್ ಐಪಿವಿ6ರ ಮೂಲಕ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ವಿಳಾಸವನ್ನೂ ಕಂಪ್ಯೂಟರಿಗೆ ಕೊಡುತ್ತಿತ್ತು, ಕಂಪ್ಯೂಟರ್ ಅದನ್ನೇ ಕೇಳುತ್ತಿತ್ತು. ಕ್ವಾಡ್‌ನೈನ್‌ಗೆ ಐಪಿವಿ6 ವಿಳಾಸಗಳೂ ಇವೆ. ಅವರ ಸೈಟಿನಲ್ಲಿ ನೋಡಿ ಅದೇ ಸೆಟ್ಟಿಂಗ್‌ನ ಐಪಿವಿ6 ಖಾನೆಗಳಲ್ಲಿ ತುಂಬಿದ ಮೇಲೆ ಪುಟ ‘ಯೆಸ್’ ಎಂದಿತು. ಬ್ರೌಸರಿನೊಳಗೆ ಸೆಕ್ಯೂರ್ ಡಿಎನ್‌ಎಸ್ ಎಂಬ ಪ್ರತ್ಯೇಕ ಆಯ್ಕೆ ಇದ್ದು, ಅಲ್ಲಿ ಬೇರೆ ಕಂಪನಿಯನ್ನು ಆರಿಸಿದ್ದರೂ ಇದೇ ಗತಿ. ಆದ್ದರಿಂದ ಅಳವಡಿಸಿದ ಕೂಡಲೇ ಈ ಪುಟವನ್ನು, ಮನೆಯಲ್ಲಿ ಬಳಸುವ ಪ್ರತಿಯೊಂದು ಬ್ರೌಸರಿನಲ್ಲೂ, ತೆರೆದು ನೋಡಲೇಬೇಕು.

ಕೆಲಸ ಹೇಗೆ ಮಾಡುತ್ತದೆ ಎಂದರೆ, ಮಾಡುತ್ತಿದೆ ಎಂಬುದೇ ಗೊತ್ತಾಗದ ಹಾಗೆ ಮಾಡುತ್ತದೆ. ಮೂರು ತಿಂಗಳ ಹಿಂದೆ ಅಪ್ಪನ ಇಮೇಲ್‌ಗೆ, ನಿಮ್ಮ ಪಾರ್ಸೆಲ್ ವಿಳಾಸ ಸರಿಯಿಲ್ಲದೆ ನಿಂತಿದೆ, ಸರಿಪಡಿಸಲು ಇಲ್ಲಿ ಒತ್ತಿ ಎಂಬ ಸಂದೇಶ ಬಂತು. ಅವರು ಒತ್ತಿದರು. ಪರದೆಯ ಮೇಲೆ ಈ ಸೈಟನ್ನು ತಲುಪಲಾಗುತ್ತಿಲ್ಲ ಎಂಬ ಒಂದು ಸಾಲು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎನ್‌ಎಕ್ಸ್‌ಡೊಮೇನ್’ ಎಂದು ಕೊನೆಯಾಗುವ, ಅಂಥ ಹೆಸರೇ ಇಲ್ಲ ಎಂಬರ್ಥದ ಒಂದು ಸಂಕೇತ. ನೆಟ್ ಹೋಗಿದೆ ಎಂದುಕೊಂಡ ಅಪ್ಪ ರೌಟರ್ ಆರಿಸಿ ಹಾಕಿ, ಮತ್ತೆ ಒತ್ತಿ, ಮತ್ತೆ ಅದೇ ಸಾಲು ಬಂದಾಗ ನನ್ನನ್ನು ಕರೆದರು. ಕ್ವಾಡ್‌ನೈನ್ ಸೈಟಿನಲ್ಲಿ ಒಂದು ಹೆಸರನ್ನು ಹಾಕಿ ಅದು ತಡೆಪಟ್ಟಿಯಲ್ಲಿದೆಯೇ ಎಂದು ನೋಡುವ ಸೌಲಭ್ಯವಿದೆ. ಆ ಕೊಂಡಿಯ ಹೆಸರನ್ನು ಅಲ್ಲಿ ಹಾಕಿದೆ, ಪಟ್ಟಿಯಲ್ಲಿತ್ತು.

ಈ ಮೌನವೇ ಸೇವೆಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಅಪಾಯವಿತ್ತು, ಅದಕ್ಕೇ ತಡೆದೆ ಎಂದು ಅದು ಹೇಳುವುದಿಲ್ಲ. ಹೀಗಾಗಿ ವಯಸ್ಸಾದವರು ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತುತ್ತಾರೆ, ಅದೇ ಕೊಂಡಿಯನ್ನು ಮೊಬೈಲಿನಲ್ಲಿ ತೆರೆದು ನೋಡುವ ಸಾಧ್ಯತೆಯೂ ಇದೆ. ಮೊಬೈಲಿಗೆ ಈ ಕಾವಲು ಇರುವುದಿಲ್ಲ. ಇಂದಿನ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕದ) ಸೈಟುಗಳ ಜಾಗದಲ್ಲಿ ಎಚ್ಚರಿಕೆಯ ಪುಟವೊಂದನ್ನು ತೋರಿಸಹೊರಟರೆ, ಸೈಟಿನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರ ಸರಿಯಿಲ್ಲ ಎಂದು ಬ್ರೌಸರ್ ಬೇರೆಯೇ ಗಾಬರಿ ಹುಟ್ಟಿಸುತ್ತದೆ ಎಂಬ ತಾಂತ್ರಿಕ ತೊಡಕು ನನಗೆ ಅರ್ಥವಾಗುತ್ತದೆ. ಆದರೂ ಬಳಸುವವರ ಕಡೆಯಿಂದ ನೋಡಿದರೆ ಕೊರತೆ ಕೊರತೆಯೇ. ನಾನು ಮಾನಿಟರಿನ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: ಒಂದೇ ಸೈಟು ತೆರೆಯದೆ ಉಳಿದವೆಲ್ಲ ತೆರೆದರೆ ಅದು ನೆಟ್ಟಿನ ತೊಂದರೆಯಲ್ಲ, ಬಿಟ್ಟುಬಿಡಿ.

ಇದರಿಂದ ಆಗದ ಕೆಲಸಗಳನ್ನೂ ಹೇಳಬೇಕು. ಇದು ಇಡೀ ಹೆಸರನ್ನು ತಡೆಯಬಲ್ಲದು, ಆ ಹೆಸರಿನಡಿಯ ಒಂದು ಪುಟವನ್ನಲ್ಲ. ಹೆಸರಾಂತ ಕಂಪನಿಯೊಂದರ ಉಚಿತ ಫಾರ್ಮ್ ಸೇವೆಯಲ್ಲೇ ವಂಚಕರು ನಕಲಿ ಬ್ಯಾಂಕ್ ಅರ್ಜಿ ತಯಾರಿಸಿಟ್ಟರೆ ಡಿಎನ್‌ಎಸ್‌ಗೆ ಕಾಣುವುದು ಆ ಕಂಪನಿಯ ಹೆಸರು ಮಾತ್ರ. ಇಂದು ಬೆಳಿಗ್ಗೆ ನೋಂದಾಯಿಸಿದ ಕಳ್ಳ ಸೈಟು ಪಟ್ಟಿ ಸೇರುವ ಮುನ್ನವೇ ಕೆಲವರನ್ನು ಬಲಿ ತೆಗೆದುಕೊಳ್ಳಬಹುದು. ವಾಟ್ಸಾಪ್‌ನಲ್ಲಿ ನೇರವಾಗಿ ಬರುವ ಎಪಿಕೆ ಕಡತಕ್ಕೆ (ಆಂಡ್ರಾಯ್ಡ್ ಆ್ಯಪ್ ಅನ್ನು ಹಾಕುವ ಕಡತ) ಇದು ಉತ್ತರವಲ್ಲ. ಬ್ರೌಸರಿನ ಸೇಫ್ ಬ್ರೌಸಿಂಗ್ ಮತ್ತು ವಿಂಡೋಸ್‌ನ ಡಿಫೆಂಡರ್ ಎರಡನ್ನೂ ಆನ್ ಇಟ್ಟುಕೊಂಡೇ ಇದನ್ನು ಬಳಸಬೇಕು.

ಮಕ್ಕಳಿರುವ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು: ಕ್ವಾಡ್‌ನೈನ್ ವಯಸ್ಕರ ಸೈಟುಗಳನ್ನಾಗಲೀ ಜಾಹೀರಾತುಗಳನ್ನಾಗಲೀ ತಡೆಯುವುದಿಲ್ಲ, ತಡೆಯುತ್ತೇನೆಂದು ಹೇಳಿಕೊಳ್ಳುವುದೂ ಇಲ್ಲ. ವಯಸ್ಕರ ಸೈಟುಗಳಿಗೆ ತಡೆ ಬೇಕಾದವರಿಗೆ ಕ್ಲೌಡ್‌ಫ್ಲೇರ್ ಕಂಪನಿ 2020ರ ಏಪ್ರಿಲ್‌ನಲ್ಲಿ ತಂದ ಕುಟುಂಬ ಸೇವೆಯಿದೆ, ಅದರಲ್ಲಿ 1.1.1.2 ಕುತಂತ್ರಾಂಶವನ್ನಷ್ಟೇ ತಡೆದರೆ 1.1.1.3 ವಯಸ್ಕರ ಸೈಟುಗಳನ್ನೂ ತಡೆಯುತ್ತದೆ. ಒಂದು ತಿಂಗಳು ಅದನ್ನೂ ಬಳಸಿ ನೋಡಿದೆ, ಚೆನ್ನಾಗಿಯೇ ಇತ್ತು. ಮಗಳೊಡನೆ ಕೂತು ಮಾತಾಡಿ ಅವಳ ಬಳಕೆಗೆ ಬೇರೆ ಏರ್ಪಾಡು ಮಾಡಿಕೊಂಡದ್ದರಿಂದ ನಾನು ಕ್ವಾಡ್‌ನೈನ್‌ಗೇ ಮರಳಿದೆ. ಹಿಂದೆ ವಿಂಡೋಸ್‌ನ ಹೋಸ್ಟ್ಸ್ ಕಡತದಲ್ಲಿ (ಡಿಎನ್‌ಎಸ್ ಸರ್ವರನ್ನು ಕೇಳುವ ಮೊದಲು ಕಂಪ್ಯೂಟರ್ ನೋಡುವ ಹೆಸರುಗಳ ಪಟ್ಟಿ) ಕೆಟ್ಟ ಸೈಟುಗಳ ಹೆಸರನ್ನು ಕೈಯಾರೆ ಬರೆದಿಡುವ ಪ್ರಯತ್ನವನ್ನೂ ಮಾಡಿದ್ದೆ. ವಂಚಕರು ದಿನಕ್ಕೊಂದು ಹೆಸರು ಬದಲಿಸುವಾಗ ಅದು ತೂತು ಮಡಕೆಗೆ ನೀರು ತುಂಬುವ ಕೆಲಸ.

ವೇಗದಲ್ಲಿ ವ್ಯತ್ಯಾಸ ಹೆಚ್ಚೇನೂ ಕಾಣಲಿಲ್ಲ. ಕೆಲವು ವಿಡಿಯೊಗಳು ಮೊದಲಿಗಿಂತ ಒಂದು ಕ್ಷಣ ತಡವಾಗಿ ಶುರುವಾದಂತೆ ಅನಿಸಿದ್ದುಂಟು. ನಾವಿರುವ ಪ್ರದೇಶದ ಸುಳಿವನ್ನು 9.9.9.9 ಮುಂದಿನ ಸರ್ವರುಗಳಿಗೆ ಕೊಡದಿರುವುದರಿಂದ ಕೆಲವೊಮ್ಮೆ ವಿಡಿಯೊ ದೂರದ ಸರ್ವರಿನಿಂದ ಬರಬಹುದು. ಇದು ಸಹಿಸಲಾಗದವರಿಗೆ ಆ ಸುಳಿವು ಕೊಡುವ 9.9.9.11 ಎಂಬ ವಿಳಾಸವಿದೆ; ತಡೆಪಟ್ಟಿ ಅದರಲ್ಲೂ ಇದೆ. 9.9.9.10ರಲ್ಲಿ ಮಾತ್ರ ತಡೆಪಟ್ಟಿಯೇ ಇಲ್ಲ, ಆದ್ದರಿಂದ ಅಂಕಿ ತುಂಬುವಾಗ ಕೈತಪ್ಪದಂತೆ ನೋಡಿಕೊಳ್ಳಬೇಕು.

ಈ ಎಂಟು ತಿಂಗಳಲ್ಲಿ ಒಳ್ಳೆಯ ಸೈಟೊಂದನ್ನು ತಪ್ಪಾಗಿ ತಡೆದದ್ದು ಒಂದೇ ಸಲ. ಮಗಳ ವಿಜ್ಞಾನ ಯೋಜನೆಗೆ ಬೇಕಿದ್ದ ಚಿಕ್ಕ ಸೈಟು ಅದು. ಕ್ವಾಡ್‌ನೈನ್‌ಗೆ ಬರೆದು ತಿಳಿಸಿದೆ, ಕೆಲವು ದಿನಗಳಲ್ಲಿ ತೆರೆಯಿತು. ಇದನ್ನು ರೌಟರಿನಲ್ಲೇ ಹಾಕಿದರೆ ಅಪ್ಪನ ಮೊಬೈಲೂ ಸೇರಿ ಮನೆಯ ವೈಫೈ ಬಳಸುವ ಸಾಧನಗಳಿಗೆಲ್ಲ ಕಾವಲು ಸಿಗುತ್ತದೆ. ಆದರೆ ನಮ್ಮ ಇಂಟರ್ನೆಟ್ ಕಂಪನಿ ಕೊಟ್ಟ ರೌಟರಿನಲ್ಲಿ ಆ ಸೆಟ್ಟಿಂಗಿಗೆ ಬೀಗ ಹಾಕಿದ್ದಾರೆ, ಕೇಳಿದರೆ ಕೊಡುತ್ತಿಲ್ಲ. ವಾರ್ಷಿಕ ಚಂದಾ ಮುಗಿದೊಡನೆ ಸ್ವಂತ ರೌಟರ್ ತರುವುದೆಂದು ಅಪ್ಪನೇ ತೀರ್ಮಾನಿಸಿದ್ದಾರೆ.