ಅಲರ್ಜಿಯ ಚುಚ್ಚು ಪರೀಕ್ಷೆ: ಬೆಂಗಳೂರಿನ ಕ್ಲಿನಿಕ್ ಒಂದರ ಸೇವೆ

ವರ್ಷವಿಡೀ ಬೆಳಗಿನ ಸೀನಿನಿಂದ ಬಳಲುತ್ತಿದ್ದ ನನ್ನ ತಾಯಿಯವರಿಗೆ ಇಲ್ಲಿ ಪರೀಕ್ಷೆ ಮಾಡಿಸಿದೆವು. ಅಲರ್ಜಿ ತಗ್ಗಿಸುವ ಆಂಟಿಹಿಸ್ಟಮಿನ್ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸದಿದ್ದರೆ ಫಲಿತಾಂಶ ಸರಿಬರುವುದಿಲ್ಲವೆಂದು ಸಿಬ್ಬಂದಿ ಮುಂಚಿತವಾಗಿಯೇ ತಿಳಿಸಿದ್ದು ಮೆಚ್ಚತಕ್ಕ ಸಂಗತಿ. ಧೂಳಿನ ನುಸಿ, ಪಾರ್ಥೇನಿಯಂ ಪರಾಗ, ಬೂಷ್ಟು, ಜಿರಳೆ, ಬೆಕ್ಕು–ನಾಯಿಗಳ ಚರ್ಮದ ಹೊಟ್ಟು, ಸಿಗಡಿ, ಕಡಲೆಕಾಯಿ ಮುಂತಾದವುಗಳ ಸಾರವನ್ನು ಮುಂಗೈಯ ಮೇಲೆ ಹನಿ ಹನಿಯಾಗಿ ಇಟ್ಟು, ಹಗುರವಾಗಿ ಚುಚ್ಚಿ, 15–20 ನಿಮಿಷಗಳ ನಂತರ ಎದ್ದ ಗಂದೆಗಳನ್ನು ಅಳೆದರು. 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಮಾತ್ರ ಲೆಕ್ಕಕ್ಕೆ. ನುಸಿಗೆ ದೊಡ್ಡ ಗಂದೆಯೂ ಸಿಗಡಿಗೆ ಚಿಕ್ಕದೂ ಎದ್ದವು. ಎರಡರಲ್ಲೂ ಟ್ರೋಪೊಮಯೋಸಿನ್ ಎಂಬ ಹೋಲುವ ಪ್ರೋಟೀನ್ ಇರುವುದರಿಂದ ಹೀಗಾಗಬಹುದೆಂದೂ, ತೊಂದರೆಯಿಲ್ಲದೆ ತಿನ್ನುತ್ತಿರುವ ಸಿಗಡಿಯನ್ನು ಬಿಡಬೇಕಿಲ್ಲವೆಂದೂ, ಹಾಸಿಗೆ–ದಿಂಬುಗಳಿಗೆ ನುಸಿ ತಡೆಯುವ ಹೊದಿಕೆ ಹಾಕಬೇಕೆಂದೂ ವೈದ್ಯರು ತಾಳ್ಮೆಯಿಂದ ವಿವರಿಸಿದರು. ವರದಿ ಇಂಗ್ಲಿಷಿನಲ್ಲಷ್ಟೇ ಇರುವುದು ನಿಜವಾದ ಕೊರತೆ; ಕನ್ನಡದಲ್ಲೂ ಕೊಡಲೇಬೇಕು.