ಗೆದ್ದವರೂ ಸೋತವರೂ ಒಂದೇ ಪಂಕ್ತಿಯಲ್ಲಿ: ಗೋಣಿಕೊಪ್ಪದ ಬಳಿಯ ಒಂದು ಸಭಾಂಗಣ, ಒಂದು ಅಡುಗೆ ತಂಡ

ಪಕ್ಷದೊಳಗಿನ ಚುನಾವಣೆ ಮುಗಿದ ಮೇಲೆ ಎರಡೂ ಬಣದವರನ್ನು ಒಂದೆಡೆ ಸೇರಿಸಿ ಊಟ ಹಾಕಿಸಲು ಸಭಾಂಗಣವನ್ನೂ ಅಡುಗೆಯವರನ್ನೂ ಹುಡುಕುವುದು ಮದುವೆಗೆ ಹುಡುಕಿದಷ್ಟು ಸುಲಭವಲ್ಲ. ಮದುವೆಗೆ ಬರುವವರು ಸಂತೋಷದಿಂದ ಬರುತ್ತಾರೆ. ಇಲ್ಲಿಗೆ ಬರುವವರಲ್ಲಿ ಅನೇಕರು ಹೋಗಬೇಕೋ ಬೇಡವೋ ಎಂಬ ಅನುಮಾನದಲ್ಲೇ ಮನೆ ಬಿಟ್ಟಿರುತ್ತಾರೆ. ನಮ್ಮ ಪಕ್ಷದ ತಾಲ್ಲೂಕು ಘಟಕದ ಅಧ್ಯಕ್ಷ ಸ್ಥಾನಕ್ಕೆ ಈ ಸಲ ಇಬ್ಬರ ನಡುವೆ ನೇರ ಹಣಾಹಣಿ ನಡೆದು, ಸದಸ್ಯರೇ ಮತ ಹಾಕಿ, ತೀರಾ ಕಡಿಮೆ ಅಂತರದಲ್ಲಿ ಒಬ್ಬರು ಗೆದ್ದ ನಂತರ, ಒಗ್ಗಟ್ಟಿನ ಸಭೆಯ ಸ್ಥಳ ಮತ್ತು ಊಟದ ಹೊಣೆ ನನಗೆ ಬಂತು. ಗೋಣಿಕೊಪ್ಪದಿಂದ ಸ್ವಲ್ಪ ದೂರದಲ್ಲಿ, ಕಾಫಿ ತೋಟದ ಅಂಚಿನಲ್ಲಿರುವ ಒಂದು ಸಭಾಂಗಣವನ್ನೂ ಅದನ್ನು ನಡೆಸುವ ಕುಟುಂಬದ ಅಡುಗೆ ತಂಡವನ್ನೂ ಗೊತ್ತುಮಾಡಿದೆವು. ಎಲ್ಲ ಪಕ್ಷದವರೂ ತಮ್ಮ ಗಿರಾಕಿಗಳಾದ್ದರಿಂದ ಹೆಸರು ಹಾಕುವುದು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ. ನಮ್ಮ ಪಕ್ಷದ ಹೆಸರನ್ನೂ ಅದೇ ಕಾರಣಕ್ಕೆ ಬರೆಯುತ್ತಿಲ್ಲ. ಅವರ ಸೇವೆಯ ಬಗ್ಗೆ ಮಾತ್ರ ವಿವರವಾಗಿ ಬರೆಯಬೇಕೆನಿಸಿತು, ಏಕೆಂದರೆ ಇಂಥ ಸಭೆ ಕೂಡಿಬರುವುದೂ ಮುರಿದುಬೀಳುವುದೂ ವೇದಿಕೆಯ ಮೇಲೆ ಆಡಿದ ಮಾತಿಗಿಂತ ಹೆಚ್ಚಾಗಿ ಊಟದ ಮನೆಯಲ್ಲಿ ನಿರ್ಧಾರವಾಗುತ್ತದೆ ಎಂಬುದು ಅಲ್ಲಿ ನನಗೆ ಸ್ಪಷ್ಟವಾಯಿತು.

ಮುಂಗಡ ಕೊಡಲು ಹೋದಾಗ ಎಷ್ಟು ಜನ, ಎಷ್ಟು ಬಗೆ ಎಂದು ಕೇಳುವ ಮೊದಲೇ, ಅಡುಗೆಯ ಉಸ್ತುವಾರಿ ನೋಡಿಕೊಳ್ಳುವ ಹಿರಿಯ ಹೆಂಗಸು ಕೇಳಿದ್ದು ಜನರನ್ನು ಯಾವ ಲೆಕ್ಕದಲ್ಲಿ ಕೂರಿಸುತ್ತೀರಿ ಎಂದು. ನಾವು ಅದನ್ನು ಯೋಚಿಸಿರಲೇ ಇಲ್ಲ. "ಅವರವರ ಇಷ್ಟಕ್ಕೆ ಬಿಟ್ಟರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ ಕೂರುತ್ತಾರೆ ಅಣ್ಣ, ನಮ್ಮ ಹುಡುಗರು ಯಾರಿಗೆ ಮೊದಲು ಬಡಿಸಿದರು ಅಂತ ಇನ್ನೊಂದು ಜಗಳ ಆಗುತ್ತದೆ" ಎಂದರು. ಬಫೆ ಬೇಡವೆಂದೂ ಅವರೇ ಹೇಳಿದರು. ತಟ್ಟೆ ಹಿಡಿದು ನಿಂತವರು ತಮ್ಮ ಗುಂಪನ್ನು ಹುಡುಕಿಕೊಂಡು ಹೋಗುತ್ತಾರೆ, ಎಲೆ ಹಾಕಿ ಕೂರಿಸಿದರೆ ಪಕ್ಕದವರ ಮುಖ ನೋಡಲೇಬೇಕಾಗುತ್ತದೆ ಎಂಬುದು ಅವರ ವಾದ. ಕೊನೆಗೆ ಮತಗಟ್ಟೆವಾರು ಕೂರಿಸುವುದೆಂದು ನಿಶ್ಚಯವಾಯಿತು. ಒಂದೊಂದು ಮತಗಟ್ಟೆಯಲ್ಲೂ ಎರಡೂ ಬಣದವರಿದ್ದಾರೆ. ನಾಳೆ ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕಾದವರು, ಮತದಾನದ ದಿನ ಒಳಗೆ ಏಜೆಂಟರಾಗಿ ಕೂರುವವರು, ಹೊರಗೆ ಚೀಟಿ ಬರೆಯುವವರು ಇವರೇ. ಬಾಗಿಲಲ್ಲಿ ಮತಗಟ್ಟೆಯ ಸಂಖ್ಯೆ ಬರೆದ ರಟ್ಟಿನ ಚೀಟಿ ಕೊಟ್ಟು, ಮೇಜಿನ ಮೇಲೆ ಅದೇ ಸಂಖ್ಯೆ ಇಟ್ಟಿದ್ದರು. ಖರ್ಚಿನ ಲೆಕ್ಕದಲ್ಲಿ ಏನೂ ಅಲ್ಲದ ಈ ಏರ್ಪಾಡು ಇಡೀ ದಿನದ ಅತ್ಯಂತ ಬೆಲೆಬಾಳುವ ಸೇವೆ ಎಂದು ನಾನು ಭಾವಿಸುತ್ತೇನೆ.

ಊಟದ ವಿಷಯದಲ್ಲಿಯೂ ಅಷ್ಟೇ ಮುಂದಾಲೋಚನೆ ಇತ್ತು. ದಕ್ಷಿಣ ಕೊಡಗಿನಲ್ಲಿ ಪಂದಿ ಕರಿ (ಹಂದಿ ಮಾಂಸದ ಸಾರು) ಇಲ್ಲದ ಔತಣವನ್ನು ಔತಣವೆಂದೇ ಕರೆಯದವರು ಬಹಳ ಮಂದಿ, ನಮ್ಮ ಸಮಿತಿಯಲ್ಲಿಯೂ ಇದ್ದರು. ಆದರೆ ನಮ್ಮ ಘಟಕದಲ್ಲಿ ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆ ಮುಸ್ಲಿಮರು, ತೋಟದ ಲೈನ್‌ಮನೆಗಳ (ಕಾರ್ಮಿಕರ ಸಾಲುಮನೆಗಳ) ತಮಿಳು ಮತ್ತು ಮಲಯಾಳ ಮಾತಾಡುವ ಕುಟುಂಬದವರು, ಯರವ ಬುಡಕಟ್ಟಿನವರು ಎಲ್ಲರೂ ಇದ್ದಾರೆ. ಒಂದೇ ಪಾತ್ರೆಯಿಂದ ಎಲ್ಲರ ಎಲೆಗೂ ಬಡಿಸುವಂತಿರಬೇಕಾದರೆ ಪಂದಿ ಬಿಟ್ಟು, ಹಲಾಲ್ ಕೋಳಿಯಲ್ಲೇ ಅಡುಗೆ ಮಾಡೋಣ ಎಂದು ಆ ಹಿರಿಯರು ಸೂಚಿಸಿದರು. ಗೊಣಗಾಟದ ನಂತರ ಸಮಿತಿಯೂ ಒಪ್ಪಿತು. ಬಂದದ್ದು ಬಿಸಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು, ಒತ್ತು ಶಾವಿಗೆಯಂಥ ನೂಲ್ಪುಟ್ಟು, ಕೊಡಗಿನ ಹುಳಿ ರಸ ಕಾಚಂಪುಳಿ ಹಾಕಿದ ಕಪ್ಪು ಮಸಾಲೆಯ ಕೋಳಿ, ತೆಂಗಿನ ಹಾಲಿನ ತೆಳು ಕೋಳಿ ಕರಿ, ಅನ್ನ, ಸಾರು, ಪಾಯಸ. ಕಾಚಂಪುಳಿಯ ಹುಳಿ ಮಾಂಸಕ್ಕೆ ಹಿಡಿದಿತ್ತು, ಮೆಣಸು ಹದವಾಗಿತ್ತು, ಕಡಂಬುಟ್ಟು ಒಡೆದರೆ ತರಿ ತರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಒಟ್ಟಿಯನ್ನು ಮಾತ್ರ ಹಿತ್ತಲಲ್ಲಿ ಸಾಲು ಒಲೆ ಹೂಡಿ ಕೊನೆಯವರೆಗೂ ಸುಡುತ್ತಲೇ ಇದ್ದರು; ಕೊನೆಯ ಎಲೆಗೂ ಕೈಗೆ ಬಿಸಿ ತಾಗುವ ಒಟ್ಟಿಯೇ ಬಂತು. ಮದ್ಯ ಬೇಡವೆಂದು ನಾವು ಹೇಳುವ ಮೊದಲೇ ಅವರು ಹೇಳಿದ್ದರು. ಕೊಡಗಿನಲ್ಲಿ ಆ ಮಾತನ್ನು ಗಿರಾಕಿಗೆ ಹೇಳಲು ಧೈರ್ಯ ಬೇಕು.

ಭಾಷಣಗಳನ್ನು ಊಟದ ನಂತರ ಇಟ್ಟುಕೊಳ್ಳಲು ಹೇಳಿದ್ದೂ ಅವರೇ. ಊಟದ ಹೊತ್ತಿನಲ್ಲಿ ನಾನು ಒಂದು ಮೇಜನ್ನು ಗಮನಿಸುತ್ತಿದ್ದೆ. ಪ್ರಚಾರದ ದಿನಗಳಲ್ಲಿ ಪರಸ್ಪರ ಫೋನ್ ಎತ್ತುವುದನ್ನೇ ಬಿಟ್ಟಿದ್ದ ಇಬ್ಬರು ಒಂದೇ ಮತಗಟ್ಟೆಯವರಾದ್ದರಿಂದ ಅಕ್ಕಪಕ್ಕ ಕೂತಿದ್ದರು. ಮೊದಲ ಒಟ್ಟಿ ಮುಗಿಯುವವರೆಗೆ ಮಾತಿಲ್ಲ. ಆಮೇಲೆ ಇಬ್ಬರಲ್ಲಿ ಹಿರಿಯವರು ಬಡಿಸುವ ಹುಡುಗನನ್ನು ಕರೆದು, "ಇವನಿಗೆ ಕಾಲಿನ ತುಂಡು ಹಾಕು" ಎಂದರು. ಕಿರಿಯವನು "ಸಾಕು ಮಾವ" ಎಂದ. ಮುಂದೆ ಅವರು ಮಾತಾಡಿದ್ದು ತಮ್ಮ ಮತಗಟ್ಟೆಯ ಪಟ್ಟಿಯಲ್ಲಿ ಇನ್ನೂ ಉಳಿದುಕೊಂಡಿರುವ ತೀರಿಹೋದವರ ಹೆಸರುಗಳ ಬಗ್ಗೆ. ಪಕ್ಷನಿಷ್ಠೆ ಎಂದರೆ ಗೆದ್ದ ನಾಯಕರಿಗೆ ಜೈಕಾರ ಹಾಕುವುದೆಂದು ತಿಳಿದವರು ಆ ಮೇಜಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು.

ಸೋತ ಅಭ್ಯರ್ಥಿಗೆ ಮೊದಲು ಮೈಕು ಕೊಡಬೇಕೋ ಗೆದ್ದವರಿಗೋ ಎಂಬ ಚರ್ಚೆ ಸಮಿತಿಯಲ್ಲಿ ದೀರ್ಘವಾಗಿಯೇ ನಡೆದಿತ್ತು. ನಾನು ಅಲ್ಲಿ ಅಮೆರಿಕದ 2008ರ ಉದಾಹರಣೆ ಹೇಳಿದ್ದೆ. ಅಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ರಾಜ್ಯ ರಾಜ್ಯಗಳಲ್ಲಿ ಪ್ರೈಮರಿ ಚುನಾವಣೆಯ ಮೂಲಕ ಮತದಾರರೇ ಆರಿಸುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವಿನ ಸ್ಪರ್ಧೆ ಜೂನ್‌ವರೆಗೂ ಎಳೆದು, ಜೂನ್ 7ರಂದು ಕ್ಲಿಂಟನ್ ಕಣದಿಂದ ಸರಿದು ಒಬಾಮ ಅವರಿಗೆ ಬೆಂಬಲ ಸಾರಿದರು. ಅದೇ ತಿಂಗಳ 27ರಂದು ಇಬ್ಬರೂ ಜೊತೆಯಾಗಿ ಮೊದಲ ಸಭೆ ನಡೆಸಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಯೂನಿಟಿ (ಅಂದರೆ ಒಗ್ಗಟ್ಟು) ಎಂಬ ಸಣ್ಣ ಊರಿನಲ್ಲಿ; ಪ್ರೈಮರಿಯಲ್ಲಿ ಆ ಊರು ಇಬ್ಬರಿಗೂ ತಲಾ 107 ಮತ ಕೊಟ್ಟಿತ್ತು. ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದಲ್ಲಿ ಕ್ಲಿಂಟನ್ ಹೆಸರನ್ನೂ ಮಂಡಿಸಲು ಅವಕಾಶ ಕೊಟ್ಟು, ರಾಜ್ಯವಾರು ಮತ ಹೇಳಿಸುತ್ತ ಹೋಗಿ, ನ್ಯೂಯಾರ್ಕಿನ ಸರದಿ ಬಂದಾಗ ಅವರೇ ಎದ್ದು ಎಣಿಕೆ ನಿಲ್ಲಿಸಿ ಒಬಾಮ ಅವರನ್ನು ಸರ್ವಾನುಮತದ ಘೋಷದಿಂದ ಅಭ್ಯರ್ಥಿಯೆಂದು ಸಾರೋಣ ಎಂದರು. ಗೆದ್ದ ಮೇಲೆ ಒಬಾಮ ಕ್ಲಿಂಟನ್ ಅವರನ್ನೇ ವಿದೇಶಾಂಗ ಕಾರ್ಯದರ್ಶಿಯಾಗಿ ತಮ್ಮ ಸಂಪುಟಕ್ಕೆ ಕರೆದುಕೊಂಡರು. ಆ ಒಗ್ಗಟ್ಟು ಸಭೆಯ ಒಂದು ಮಧ್ಯಾಹ್ನದಲ್ಲಿ ಬಂದದ್ದಲ್ಲ. ಸೋತವರ ಮತಕ್ಕೆ ಲೆಕ್ಕವಿತ್ತು, ಮಾತಿಗೆ ಸರದಿಯಿತ್ತು, ಮುಂದೆ ಮಾಡಲು ಕೆಲಸವಿತ್ತು. ಕೊನೆಗೆ ನಮ್ಮಲ್ಲಿಯೂ ಸೋತವರೇ ಮೊದಲು ಮಾತಾಡಿದರು. ಸ್ಪರ್ಧೆಯಲ್ಲಿ ತಾವು ಎತ್ತಿದ್ದ ದೂರುಗಳನ್ನು ಹಿಂದಕ್ಕೆ ಪಡೆಯಲಿಲ್ಲ, ಅವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಆಮೇಲೆ ಗೆದ್ದವರ ಕೈಹಿಡಿದರು. ಹಾಗೆ ಮಾಡಿದ್ದಕ್ಕೇ ಅವರ ಬೆಂಬಲಿಗರು ಕೂತಲ್ಲಿಂದ ಏಳಲಿಲ್ಲ.

ನಮ್ಮ ನಾಡಿನಲ್ಲಿ ಶಾಸಕ, ಸಂಸದ ಸ್ಥಾನಗಳ ಟಿಕೆಟ್ ವಿಷಯಕ್ಕೆ ಬಂದರೆ ಇಷ್ಟೂ ಇರುವುದಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ರಾಜ್ಯ ಬಿಜೆಪಿ ಆಕಾಂಕ್ಷಿಗಳ ಬಗ್ಗೆ ತನ್ನ ಪದಾಧಿಕಾರಿಗಳಿಂದ ಮತ ಹಾಕಿಸಿ ಅಭಿಪ್ರಾಯ ಪಡೆದಿತ್ತು, ಕಾಂಗ್ರೆಸ್ ಶುಲ್ಕ ಕಟ್ಟಿಸಿಕೊಂಡು ಅರ್ಜಿ ಕರೆದಿತ್ತು. ಆದರೆ ಕೊನೆಯ ಪಟ್ಟಿ ದೆಹಲಿಯಿಂದಲೇ ಬಂತು, ಯಾರಿಗೆ ಎಷ್ಟು ಮತ ಬಿತ್ತು ಎಂಬುದು ಕಾರ್ಯಕರ್ತರಿಗೆ ತಿಳಿಯಲಿಲ್ಲ. ಲೆಕ್ಕ ತಿಳಿಯದ ಸೋಲನ್ನು ಒಪ್ಪಿಕೊಳ್ಳುವುದು ಕಷ್ಟ. ಆ ಸಲ ಹುಬ್ಬಳ್ಳಿಯ ಟಿಕೆಟ್ ಸಿಗದೆ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿನಿಂದ ನಿಂತು ಸೋತ ಜಗದೀಶ ಶೆಟ್ಟರ್ 2024ರ ಜನವರಿಯಲ್ಲಿ ಮರಳಿ ಬಂದು ಬೆಳಗಾವಿಯ ಸಂಸದರಾದರು; ಅದೇ ರೀತಿ ಹೊರಟ ಲಕ್ಷ್ಮಣ ಸವದಿ ಅಥಣಿಯಲ್ಲಿ ಗೆದ್ದು ಕಾಂಗ್ರೆಸ್ಸಿನಲ್ಲೇ ಉಳಿದರು. 2024ರಲ್ಲಿ ಶಿವಮೊಗ್ಗದಲ್ಲಿ ಬಂಡಾಯ ನಿಂತ ಕೆ.ಎಸ್. ಈಶ್ವರಪ್ಪ ಬಿಜೆಪಿಯಿಂದ ಉಚ್ಚಾಟನೆಗೊಂಡರು. ನಮ್ಮದೇ ಮೈಸೂರು-ಕೊಡಗು ಕ್ಷೇತ್ರದಲ್ಲಿ ಎರಡು ಬಾರಿ ಸಂಸದರಾಗಿದ್ದ ಪ್ರತಾಪ್ ಸಿಂಹ ಅವರಿಗೆ ಟಿಕೆಟ್ ತಪ್ಪಿ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೆ ಸಿಕ್ಕಾಗ, ಅವರು ಪಕ್ಷ ಬಿಡದೆ ಹೊಸ ಅಭ್ಯರ್ಥಿಯ ಪರ ಪ್ರಚಾರ ಮಾಡಿದರು. ಯದುವೀರ್ 1,39,262 ಮತಗಳ ಅಂತರದಲ್ಲಿ ಗೆದ್ದರು. ನಾನು ಆ ಪಕ್ಷದವನೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ಆ ನಡೆಗೆ ಗೌರವ ಸಲ್ಲಬೇಕು. ಶಾಸಕರನ್ನು ಪಕ್ಷದಲ್ಲಿ ಹಿಡಿದಿಡಲು 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೆಯ ಅನುಸೂಚಿ ಇದೆ. ಮತಗಟ್ಟೆಯ ಕಾರ್ಯಕರ್ತನನ್ನು ಹಿಡಿದಿಡಲು ಯಾವ ಕಾನೂನೂ ಇಲ್ಲ. ಅವನು ಮನೆಯಲ್ಲಿ ಉಳಿದುಬಿಟ್ಟರೆ ಅದು ಪಕ್ಷಾಂತರವೂ ಅಲ್ಲ, ಆದರೆ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳಲ್ಲಿ 2023ರ ಫಲಿತಾಂಶ ಐದು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ತೀರ್ಮಾನವಾಗಿದೆ. ಮುನಿಸಿಕೊಂಡವರನ್ನು ಕರೆತಂದು ಕೂರಿಸುವ ಊಟಕ್ಕೆ ನಾನು ಇಷ್ಟು ಮಹತ್ವ ಕೊಡುವುದು ಆ ಕಾರಣಕ್ಕೆ.

ಇನ್ನು ಕೊರತೆಗಳು. ಸಸ್ಯಾಹಾರಿಗಳ ಎಲೆಯನ್ನು ಹಿಂದಿನ ಸಣ್ಣ ಕೋಣೆಯಲ್ಲಿ ಹಾಕಿದ್ದು ದೊಡ್ಡ ಲೋಪ. ಪಂದಿಯ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಇದನ್ನು ಏಕೆ ಮರೆತರೋ ತಿಳಿಯದು. ನಮ್ಮ ಲಿಂಗಾಯತ ಮತ್ತು ಬ್ರಾಹ್ಮಣ ಸದಸ್ಯರು ತಮ್ಮ ಮತಗಟ್ಟೆಯ ಮೇಜಿನಿಂದ ದೂರವಾದರು, ಭಾಷಣ ಶುರುವಾದದ್ದು ಅವರಲ್ಲಿ ಕೆಲವರಿಗೆ ಕೇಳಿಸಲೇ ಇಲ್ಲ. ಅವರ ಪಲ್ಯ, ಕುಂಬಳಕಾಯಿಯ ಕರಿ ರುಚಿಯಾಗಿದ್ದವು ಎಂದರು, ಆದರೂ ಅದೇ ಸಭಾಂಗಣದ ಒಂದು ಬದಿಯಲ್ಲಿ ಪ್ರತ್ಯೇಕ ಸಾಲು ಹಾಕಬಹುದಿತ್ತು. ವೇದಿಕೆಯ ನಡುವೆ ಮದುಮಕ್ಕಳಿಗೆಂದು ಇಟ್ಟಿರುವ ಕೆತ್ತನೆಯ ದೊಡ್ಡ ಕುರ್ಚಿಗಳನ್ನು ಇಂಥ ಸಭೆಗೆ ತೆಗೆದಿಡಬೇಕು. ಗೆದ್ದವರು ಅದರಲ್ಲಿ ಕೂತು, ಸೋತವರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಮಾಡಿದ್ದೆಲ್ಲ ವ್ಯರ್ಥ. ನಾವು ಹೇಳಿದ ಮೇಲೆ ಕೂಡಲೇ ತೆಗೆದರು, ಅದು ಬೇರೆ ಮಾತು. ಕೈತೊಳೆಯುವ ಜಾಗ ಇಕ್ಕಟ್ಟು. ವಾಹನ ನಿಲ್ಲಿಸುವ ಕಡೆ ಇಳಿಜಾರು ಹೆಚ್ಚು, ಮಳೆಗಾಲದಲ್ಲಿ ಜೀಪು ಬಿಟ್ಟರೆ ಬೇರೆ ವಾಹನಕ್ಕೆ ಕಷ್ಟವಾದೀತು. ಧ್ವನಿವರ್ಧಕವನ್ನು ಅವರು ಒದಗಿಸುವುದಿಲ್ಲ, ನಾವೇ ಹೊರಗಿನಿಂದ ತರಿಸಬೇಕು.

ಸಮಯಪಾಲನೆ ಚೆನ್ನಾಗಿತ್ತು. ಆ ಭಾಗದ ತೋಟದ ರಸ್ತೆಗಳಲ್ಲಿ ಸಂಜೆಯಾದರೆ ಆನೆಗಳ ಓಡಾಟವಿರುವುದರಿಂದ ನಾಲ್ಕು ಗಂಟೆಯೊಳಗೆ ಎಲ್ಲ ಮುಗಿಸಿಕೊಡುತ್ತೇವೆಂದು ಹೇಳಿದ್ದರು. ಬೆಲ್ಲದ ಕಾಫಿ ಕೊಟ್ಟು, ಹೇಳಿದ ಹೊತ್ತಿಗೆ ಬಾಗಿಲ ಬಳಿ ನಿಂತು ಎಲ್ಲರನ್ನೂ ಕಳುಹಿಸಿಕೊಟ್ಟರು. ಕಾಫಿ ಕೊಯ್ಲು ಮುಗಿದು, ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾಯುವ ದಿನಗಳಾದ್ದರಿಂದ ಬೆಳೆಗಾರರೂ ಕಾರ್ಮಿಕರೂ ಬರಲು ಸಾಧ್ಯವಾಯಿತು. ದಿನಾಂಕ ಗೊತ್ತುಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು, ಕೊಯ್ಲಿನ ನಡುವೆ ಯಾರನ್ನು ಕರೆದರೂ ಬರಲಾರರು.

ಎಲ್ಲರೂ ಬಂದರು ಎಂದು ನಾನು ಹೇಳಲಾರೆ. ಸೋತ ಬಣದ ಕೆಲವು ಹಿರಿಯರು ಬರಲಿಲ್ಲ, ಅವರ ಮನೆಗೆ ಹೊಸ ಅಧ್ಯಕ್ಷರೇ ಹೋಗಿ ಮಾತಾಡಬೇಕು, ಊಟ ಕಳುಹಿಸಿದರೆ ಆಗದು. ಆದರೆ ಬಂದವರ ನಡುವೆ, ಸೋತ ಅಭ್ಯರ್ಥಿಗೆ ಮತಗಟ್ಟೆ ಸಮಿತಿಗಳ ರಚನೆಯ ಹೊಣೆ ಕೊಡುವುದೆಂದು ಅಲ್ಲೇ ತೀರ್ಮಾನವಾಗಿ, ಊಟದ ಮೇಜಿನ ಕ್ರಮದಲ್ಲೇ ಹೆಸರುಗಳನ್ನು ಬರೆದುಕೊಂಡೆವು. ದರ ಮದುವೆ ಊಟಕ್ಕಿಂತ ಕಡಿಮೆ, ಪಂದಿ ಮತ್ತು ಮದ್ಯ ಇಲ್ಲದಿರುವುದೂ ಅದಕ್ಕೆ ಕಾರಣ. ಬಿಲ್ಲಿನಲ್ಲಿ ಹೇಳದೆ ಸೇರಿಸಿದ ಖರ್ಚು ಒಂದೂ ಇರಲಿಲ್ಲ, ಉಳಿದ ಅನ್ನವನ್ನು ಹತ್ತಿರದ ಲೈನ್‌ಮನೆಗಳಿಗೆ ತಲುಪಿಸಿದ್ದಾಗಿ ತಿಳಿಸಿದರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆಗಳ ಕಾರಣ ಸಭಾಂಗಣ ಸಿಗುವುದು ಕಷ್ಟ, ಮೊದಲೇ ಮುಂಗಡ ಕೊಡಬೇಕು. ಯಾವ ಪಕ್ಷದವರೇ ಆಗಲಿ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ವಿಚಾರಿಸಿದರೆ ಈ ತಂಡದ ಪರಿಚಯ ಸಿಗುತ್ತದೆ. ಮಾತಾಡಲು ಹೋಗುವಾಗ ಮತಗಟ್ಟೆವಾರು ಪಟ್ಟಿಯನ್ನೂ ಸಸ್ಯಾಹಾರಿಗಳ ಸಂಖ್ಯೆಯನ್ನೂ ಬರೆದುಕೊಂಡೇ ಹೋಗಿ, ಅವರ ಸಾಲು ಒಳಗೇ ಇರಲಿ ಎಂದು ಮೊದಲೇ ಹೇಳಿಬಿಡಿ.